ಅಂಗಮರ್ದನವೂ ನಗರದ ಪರವಾನಗಿಯೂ

ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ಬರುವ ಸಂವಾಹಕನನ್ನು ನಮ್ಮ ವಿದ್ಯಾರ್ಥಿಗಳು ಜೂಜುಗಾರನೆಂದೋ, ಬಳಿಕ ಭಿಕ್ಷುವಾಗಿ ವಸಂತಸೇನೆಯ ಪ್ರಾಣವನ್ನು ಉಳಿಸಿದವನೆಂದೋ ನೆನಪಿನಲ್ಲಿಟ್ಟುಕೊಳ್ಳುವುದು ವಾಡಿಕೆ. ಅವನ ಹೆಸರೇ ಅವನ ಕಸುಬು ಎಂಬುದು ಮರೆತುಹೋಗುತ್ತದೆ. ಪಾಟಲಿಪುತ್ರದ ಗೃಹಸ್ಥನೊಬ್ಬನ ಮಗನಾದ ಈತನು ಮೈಯೊತ್ತುವ ವಿದ್ಯೆಯನ್ನು ಮೊದಲು ಕಲೆಯೆಂದೇ ಕಲಿತವನು. ಉಜ್ಜಯಿನಿಗೆ ಬಂದ ಮೇಲೆ ಚಾರುದತ್ತನ ಸೇವೆಯಲ್ಲಿ ಅದು ಅವನಿಗೆ ಜೀವನೋಪಾಯವಾಯಿತು. ಒಡೆಯನು ನಿರ್ಧನನಾದ ಬಳಿಕ ಇವನು ಜೂಜಿಗೆ ಬಿದ್ದು ಹತ್ತು ಸುವರ್ಣಗಳ ಸಾಲಗಾರನಾದನು. ಇವನನ್ನು ಬೀದಿಯಲ್ಲಿ ಅಟ್ಟಿಸಿಕೊಂಡು ಬರುವವರು ಜೂಜುಕಟ್ಟೆಯವರೇ ಹೊರತು ನಗರದ ಅಧಿಕಾರಿಗಳಲ್ಲ. ಗಣಿಕೆಯ ಮನೆಯನ್ನು ಹೊಕ್ಕು ಆಶ್ರಯವನ್ನು ಬೇಡುವಾಗಲೂ ಅವನ ವಿದ್ಯೆಯ ವಿಷಯದಲ್ಲಿ ಗೌರವದ ಮಾತೇ ಹೊರಡುತ್ತದೆ. ಅವನು ತಪ್ಪಿತಸ್ಥನಾದುದು ಪಗಡೆಯಿಂದ, ಕಸುಬಿನಿಂದಲ್ಲ.

ಇಂದಿನ ನಗರಗಳ ಉಪವಿಧಿಗಳಲ್ಲಿ ಕಾಣಿಸಿಕೊಳ್ಳುವ ಸಂವಾಹಕನ ಸ್ಥಿತಿ ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ಅವನು, ಬಹುಮಟ್ಟಿಗೆ ಅವಳು, ತಪ್ಪು ಮಾಡುವ ಮುಂಚೆಯೇ ಶಂಕಿತ ವ್ಯಕ್ತಿ. ತರಗತಿಯಲ್ಲಿ ಈ ವಿಷಯವನ್ನು ಎತ್ತಿದಾಗ ಹಿಂದಿನ ಬೆಂಚುಗಳಲ್ಲಿ ಕೆಲವರು ಮುಸಿನಕ್ಕರು. ಆ ನಗು ಬಾಲಿಶವೆಂದು ತಳ್ಳಿಬಿಡಬಹುದಾಗಿತ್ತು. ಆದರೆ ನಾವು ಓದಲು ಹೊರಟಿರುವ ನಿಯಮಗಳ ಸಾಲುಗಳ ನಡುವೆ ಕೇಳಿಬರುವುದೂ ಅದೇ ನಗುವಾದುದರಿಂದ ಅದನ್ನು ಇಲ್ಲಿ ದಾಖಲಿಸಿದ್ದೇನೆ.

ದೆಹಲಿ ಸರ್ಕಾರವು ೨೦೨೧ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಸ್ಪಾ ಮತ್ತು ಮಸಾಜ್ ಕೇಂದ್ರಗಳ ಪರವಾನಗಿಗೆ ಸಂಬಂಧಿಸಿದ ಮಾರ್ಗಸೂಚಿಯೊಂದನ್ನು ಹೊರಡಿಸಿತು. ಆಡಳಿತದ ಕಾಗದಗಳನ್ನು ಗ್ರಂಥಗಳನ್ನು ಓದುವಂತೆ ಓದುವ ಪದ್ಧತಿ ನಮ್ಮಲ್ಲಿ ಹೆಚ್ಚಾಗಿ ಬೆಳೆದಿಲ್ಲ. ಆದರೂ ಯಾವ ಬರಹವನ್ನಾಗಲಿ ಕೇಳಬಹುದಾದ ಮೊದಲ ಪ್ರಶ್ನೆಯನ್ನು ಇದಕ್ಕೂ ಹಾಕಬಹುದು: ಇದನ್ನು ಬರೆದವರ ಕಣ್ಣ ಮುಂದೆ ನಿಂತಿದ್ದವರು ಯಾರು? ಪರವಾನಗಿ ಎಂಬುದು ಎರಡು ಬೇರೆ ಬೇರೆ ವಿಚಾರಣೆಗಳನ್ನು ಮಾಡಬಲ್ಲದು. ಈ ಕೈಗೆ ವಿದ್ಯೆ ಬರುತ್ತದೆಯೇ ಎಂಬುದು ಒಂದು. ಈ ಕೋಣೆಯೊಳಗೆ ನಡೆಯುವುದೇನು ಎಂಬುದು ಇನ್ನೊಂದು. ವೈದ್ಯನಿಗೆ ಮೊದಲನೆಯ ಪ್ರಶ್ನೆಯನ್ನು ಕೇಳುತ್ತೇವೆ, ಮದ್ಯದಂಗಡಿಗೆ ಎರಡನೆಯದನ್ನು. ಮಸಾಜಿನ ವಿಷಯದಲ್ಲಿ ನಗರಗಳು ಈ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುತ್ತವೆ. ಎರಡನೆಯ ಪ್ರಶ್ನೆಯ ಗದ್ದಲದಲ್ಲಿ ಮೊದಲನೆಯದು ಕೇಳಿಸದಂತಾಗುತ್ತದೆ. ದೆಹಲಿಯ ಮಾರ್ಗಸೂಚಿಯ ದೋಷವೆಲ್ಲ ಈ ಗೊಂದಲದಿಂದ ಹುಟ್ಟಿದ್ದೆಂದು ನನ್ನ ಅಭಿಪ್ರಾಯ.

ಅದರ ಮುಖ್ಯ ವಿಧಿಗಳು ಹೀಗಿವೆ. ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕ ವಿಭಾಗಗಳಿರಬೇಕು. ಅವುಗಳಿಗೆ ಬೇರೆ ಬೇರೆ ಪ್ರವೇಶದ್ವಾರಗಳಿರಬೇಕು. ಗಂಡಸರಿಗೆ ಗಂಡಸರೇ, ಹೆಂಗಸರಿಗೆ ಹೆಂಗಸರೇ ಮಸಾಜ್ ಮಾಡತಕ್ಕದ್ದು. ಕೋಣೆಗಳ ಬಾಗಿಲಿಗೆ ಒಳಗಡೆ ಚಿಲಕವಾಗಲಿ ಅಗುಳಿಯಾಗಲಿ ಕೂಡದು. ಬಾಗಿಲು ತಾನಾಗಿ ಮುಚ್ಚಿಕೊಳ್ಳುವಂಥದಾಗಿರಬೇಕು. ಕೆಲಸದ ಹೊತ್ತಿನಲ್ಲಿ ಹೊರಬಾಗಿಲು ತೆರೆದೇ ಇರಬೇಕು. ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಮಾತ್ರ ವ್ಯವಹಾರ. ಗಿರಾಕಿಗಳು ಗುರುತಿನ ಚೀಟಿಯನ್ನು ತೋರಿಸಿ, ಹೆಸರು ಮತ್ತು ದೂರವಾಣಿ ಸಂಖ್ಯೆಗಳನ್ನು ಪುಸ್ತಕದಲ್ಲಿ ಬರೆಸಬೇಕು. ಕೆಲಸ ಮಾಡುವವರಿಗೆ ಹದಿನೆಂಟು ವರ್ಷ ತುಂಬಿರಬೇಕು. ಮಸಾಜ್ ಮಾಡುವವರು ಫಿಸಿಯೋಥೆರಪಿ, ಆಕ್ಯುಪ್ರೆಷರ್ ಅಥವಾ ಆಕ್ಯುಪೇಷನಲ್ ಥೆರಪಿಗಳಲ್ಲಿ ಮನ್ನಣೆ ಪಡೆದ ಪದವಿಯನ್ನೋ ಪ್ರಮಾಣಪತ್ರವನ್ನೋ ಹೊಂದಿರಬೇಕು.

ಇವುಗಳಲ್ಲಿ ವಯಸ್ಸಿನ ನಿಯಮವನ್ನು ಆಕ್ಷೇಪಿಸುವವರು ಯಾರೂ ಇರಲಾರರು. ಬಾಲಕಿಯರನ್ನೂ ಪರಸ್ಥಳದ ಬಡ ಹೆಣ್ಣುಮಕ್ಕಳನ್ನೂ ಕೆಲಸದ ಆಸೆ ತೋರಿಸಿ ಕರೆತಂದು, ಮಸಾಜಿನ ಫಲಕದ ಹಿಂದೆ ಅವರನ್ನು ಮಾರುವ ದಂಧೆ ನಮ್ಮ ದೊಡ್ಡ ನಗರಗಳಲ್ಲಿ ಇದೆಯೆಂಬುದು ಕಟ್ಟುಕಥೆಯಲ್ಲ. ಆ ದಂಧೆಯನ್ನು ತಡೆಯುವ ಇಚ್ಛೆಯಿಂದ ಈ ಮಾರ್ಗಸೂಚಿ ಹುಟ್ಟಿತೆಂಬುದನ್ನು ಮೊದಲೇ ಒಪ್ಪಿಕೊಂಡು ಮುಂದುವರಿಯುವುದು ನ್ಯಾಯ. ಪ್ರಶ್ನೆಯಿರುವುದು ಸಾಧನದಲ್ಲಿ.

ವಿದ್ಯಾರ್ಹತೆಯ ವಿಧಿಯನ್ನೇ ಮೊದಲು ನೋಡೋಣ. ಕೈಯನ್ನು ಕುರಿತು ಮಾತನಾಡುವ ವಿಧಿ ಮುಖ್ಯವಾಗಿ ಇದೊಂದೇ. ಫಿಸಿಯೋಥೆರಪಿಯೆಂಬುದು ಹಲವು ವರ್ಷಗಳ ವ್ಯಾಸಂಗದಿಂದ ದೊರೆಯುವ ಪದವಿ. ಮುರಿದ ಮೂಳೆ, ಸೋತ ಸ್ನಾಯು, ಪಾರ್ಶ್ವವಾಯುಗಳ ಚಿಕಿತ್ಸೆಗೆ ಸಂಬಂಧಿಸಿದ್ದು. ಆಕ್ಯುಪೇಷನಲ್ ಥೆರಪಿಯು ರೋಗಿಗೆ ನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ವಿದ್ಯೆ. ಇವೆರಡರಲ್ಲಿ ಯಾವುದೂ ಮಸಾಜ್ ಅಲ್ಲ. ಪದವಿ ಪಡೆದ ಫಿಸಿಯೋಥೆರಪಿಸ್ಟನು ಮಸಾಜ್ ಕೇಂದ್ರದಲ್ಲಿ ಕೆಲಸಕ್ಕೆ ಬರುವುದು ಅಪೂರ್ವ. ಎಣ್ಣೆ ತಿಕ್ಕುವ ಕೈಗಾರಿಕೆಯನ್ನು ವರ್ಷಗಟ್ಟಲೆ ರೂಢಿಸಿಕೊಂಡವರಲ್ಲಿ ಈ ಪ್ರಮಾಣಪತ್ರಗಳಿರುವುದು ಇನ್ನೂ ಅಪೂರ್ವ. ಅಡುಗೆಯವನಿಗೆ ಆಹಾರಶಾಸ್ತ್ರದ ಪದವಿಯನ್ನು ಕೇಳಿದಂತೆ ಇದು. ನೋಡುವುದಕ್ಕೆ ಕಟ್ಟುನಿಟ್ಟು, ಆದರೆ ಕೇಳಬೇಕಾದುದನ್ನು ಕೇಳಿಲ್ಲ. ಪ್ರಾಮಾಣಿಕನಾದವನು ಈ ಷರತ್ತನ್ನು ಪೂರೈಸಲಾರದೆ ಹಿಂದೆಗೆಯುತ್ತಾನೆ; ಅಪ್ರಾಮಾಣಿಕನು ಒಂದು ಪ್ರಮಾಣಪತ್ರವನ್ನು ಎಲ್ಲಿಂದಲೋ ತಂದು ಗೋಡೆಗೆ ತೂಗುಹಾಕುತ್ತಾನೆ.

ಇನ್ನು ಗಂಡು ಹೆಣ್ಣುಗಳ ವಿಭಜನೆ. ನಮ್ಮ ದೇಶದಲ್ಲಿ ಇದು ಹೊಸದೇನೂ ಅಲ್ಲ. ಕೇರಳದ ಆಯುರ್ವೇದ ಕೇಂದ್ರಗಳಲ್ಲಿ ಪುರುಷರಿಗೆ ಪುರುಷರೂ ಸ್ತ್ರೀಯರಿಗೆ ಸ್ತ್ರೀಯರೂ ತೈಲ ತಿಕ್ಕುವುದು ರೂಢಿ. ಅಲ್ಲಿನ ಪ್ರವಾಸೋದ್ಯಮ ಇಲಾಖೆಯು ‘ಗ್ರೀನ್ ಲೀಫ್’, ‘ಆಲಿವ್ ಲೀಫ್’ ಎಂದು ಕೇಂದ್ರಗಳನ್ನು ವರ್ಗೀಕರಿಸುವಾಗ ಈ ರೂಢಿಯನ್ನೇ ಎತ್ತಿಹಿಡಿದಿದೆ. ಆದರೆ ಅಲ್ಲಿ ಅದು ವೈದ್ಯನ ಮೇಲ್ವಿಚಾರಣೆಯಲ್ಲಿ ನಡೆಯುವ ಚಿಕಿತ್ಸೆಯ ಮರ್ಯಾದೆಗೆ ಸೇರಿದ ಅಂಗ. ದರ್ಜೆಯನ್ನು ಬಯಸಿ ಬಂದವರು ಒಪ್ಪಿಕೊಳ್ಳುವ ಷರತ್ತು. ದೆಹಲಿಯಲ್ಲಿ ಅದು ನಿಷೇಧವಾಯಿತು. ರೂಢಿಗೂ ನಿಷೇಧಕ್ಕೂ ಇರುವ ಅಂತರ ದೊಡ್ಡದು. ಗಿರಾಕಿಗಳಲ್ಲಿ ಗಂಡಸರೇ ಹೆಚ್ಚಾಗಿರುವ ಕಡೆ ಈ ನಿಷೇಧದಿಂದ ಕೆಲಸವನ್ನು ಕಳೆದುಕೊಳ್ಳುವವರು ಹೆಂಗಸರು; ಎಂದರೆ ಯಾರನ್ನು ರಕ್ಷಿಸುವುದಾಗಿ ನಿಯಮ ಹೇಳಿಕೊಳ್ಳುತ್ತದೆಯೋ ಅವರೇ. ಅಲ್ಲದೆ ಶೋಷಣೆಯು ಸ್ತ್ರೀ ಪುರುಷರ ನಡುವೆ ಮಾತ್ರ ಸಂಭವಿಸುತ್ತದೆಂಬ ಊಹೆಯ ಮೇಲೆ ಈ ವಿಧಿ ನಿಂತಿದೆ. ಆ ಊಹೆ ನಿಲ್ಲುವಂಥದಲ್ಲ.

ವಿಷಯ ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ೨೦೨೧ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ರೇಖಾ ಪಲ್ಲಿಯವರು ಗಂಡು ಹೆಣ್ಣುಗಳ ನಡುವಣ ಮಸಾಜಿನ ನಿಷೇಧಕ್ಕೆ ತಡೆಯಾಜ್ಞೆ ನೀಡಿದರು. ಸಂಪೂರ್ಣ ನಿಷೇಧಕ್ಕೂ ಸಾಗಾಣಿಕೆಯನ್ನು ತಡೆಯುವ ಉದ್ದೇಶಕ್ಕೂ ಯುಕ್ತವಾದ ಸಂಬಂಧ ಕಾಣುವುದಿಲ್ಲವೆಂಬುದೂ, ಈ ವೃತ್ತಿಯವರನ್ನು ವಿಚಾರಿಸದೆಯೇ ನೀತಿಯನ್ನು ರೂಪಿಸಲಾಗಿದೆಯೆಂಬುದೂ ಆ ಆಜ್ಞೆಯ ತಿರುಳು. ಅದೇ ಆಜ್ಞೆಯಲ್ಲಿ, ಪರವಾನಗಿಯಿಲ್ಲದೆ ನಡೆಯುತ್ತಿರುವ ಕೇಂದ್ರಗಳನ್ನು ಹುಡುಕಿ ಮುಚ್ಚಿಸುವಂತೆ ಪಾಲಿಕೆಗಳಿಗೂ ಪೊಲೀಸರಿಗೂ ಸೂಚನೆ ಇದ್ದುದನ್ನು ಗಮನಿಸಬೇಕು. ನ್ಯಾಯಾಲಯವು ಪರವಾನಗಿಯನ್ನು ತಳ್ಳಿಹಾಕಲಿಲ್ಲ. ಅದು ಕೇಳಿದ ತಪ್ಪು ಪ್ರಶ್ನೆಯನ್ನು ಮಾತ್ರ ತಡೆದು ನಿಲ್ಲಿಸಿತು. ಈ ವಿವೇಕವನ್ನು ಪತ್ರಿಕೆಗಳ ತಲೆಬರಹಗಳು ಅಷ್ಟಾಗಿ ತಿಳಿಸಿಕೊಡಲಿಲ್ಲ.

ಗೊಂದಲ ದೆಹಲಿಯಲ್ಲಿ ಹುಟ್ಟಿದ್ದಲ್ಲ. ಅದರ ಮೂಲವನ್ನು ಹುಡುಕಿದರೆ ೧೮೯೪ನೆಯ ಇಸವಿಯ ಲಂಡನ್ನಿಗೆ ಹೋಗಬೇಕಾಗುತ್ತದೆ. ಆ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯು ನಗರದ ಮಸಾಜ್ ಮನೆಗಳಲ್ಲಿ ಅನೀತಿ ನಡೆಯುತ್ತಿದೆಯೆಂದು ಬರೆದು ದೊಡ್ಡ ಕೋಲಾಹಲವನ್ನೆಬ್ಬಿಸಿತು. ದಾದಿಯರೂ ಸೂಲಗಿತ್ತಿಯರೂ ಆಗಿ ತರಬೇತಾಗಿದ್ದ ನಾಲ್ವರು ಸ್ತ್ರೀಯರು ಆ ವರ್ಷವೇ ತಮ್ಮ ವೃತ್ತಿಯ ಮಾನವನ್ನು ಉಳಿಸಿಕೊಳ್ಳಲು ತರಬೇತಿ ಪಡೆದ ಅಂಗಮರ್ದಕಿಯರ ಸಂಘವೊಂದನ್ನು ಸ್ಥಾಪಿಸಿದರು. ಅವರ ಕಟ್ಟಳೆಗಳು ಕಠಿಣವಾಗಿದ್ದುವು: ವೈದ್ಯನ ನಿರ್ದೇಶವಿಲ್ಲದೆ ಮಸಾಜ್ ಮಾಡಕೂಡದು, ವೈದ್ಯನು ವಿಶೇಷವಾಗಿ ಕೇಳಿಕೊಂಡ ಹೊರತು ಗಂಡಸರಿಗೆ ಮಾಡಕೂಡದು, ವೈದ್ಯಪತ್ರಿಕೆಗಳಲ್ಲಲ್ಲದೆ ಜಾಹೀರಾತು ಕೂಡದು. ಜೊತೆಗೆ ಅವರು ಪರೀಕ್ಷೆಗಳನ್ನೂ ಏರ್ಪಡಿಸಿದರು. ಆ ಸಂಘ ೧೯೨೦ರಲ್ಲಿ ರಾಜಸನ್ನದನ್ನು ಪಡೆದು, ೧೯೪೪ರಲ್ಲಿ ಫಿಸಿಯೋಥೆರಪಿಯ ಹೆಸರನ್ನು ಧರಿಸಿತು. ಇಂದಿನ ಫಿಸಿಯೋಥೆರಪಿಸ್ಟರ ವಂಶವೃಕ್ಷದ ಬೇರಿನಲ್ಲಿ ಮಸಾಜಿನ ಅಪವಾದವೊಂದಿದೆಯೆಂದು ಅವರಲ್ಲಿ ಎಷ್ಟು ಜನ ಬಲ್ಲರೋ ತಿಳಿಯದು.

ಇಲ್ಲಿ ಒಂದು ಕವಲು ಒಡೆಯಿತು. ಪರೀಕ್ಷೆಗಳನ್ನು ಮುಗಿಸಿದವರು ಆಸ್ಪತ್ರೆಯ ಕಡೆಗೆ ನಡೆದರು. ಉಳಿದವರನ್ನು ನಗರಾಡಳಿತ ವಹಿಸಿಕೊಂಡಿತು. ೧೯೨೦ರ ಶಾಸನವೊಂದರಿಂದ ಲಂಡನ್ ಕೌಂಟಿ ಕೌನ್ಸಿಲ್ ಮಸಾಜ್ ಮನೆಗಳಿಗೆ ಪರವಾನಗಿ ಕೊಡುವ ಅಧಿಕಾರವನ್ನು ಚಲಾಯಿಸಿತು. ವಿದ್ಯೆಯ ವಿಚಾರಣೆ ಸಂಘಕ್ಕೆ, ಕೋಣೆಯ ವಿಚಾರಣೆ ನಗರಕ್ಕೆ ಹೀಗೆ ಹಂಚಿಹೋಯಿತು. ಲಂಡನ್ನಿನ ಸ್ಥಳೀಯ ಸಂಸ್ಥೆಗಳಿಗೆ ಸಂಬಂಧಿಸಿದ ೧೯೯೧ರ ಶಾಸನದಲ್ಲಿ ಮಸಾಜು, ಉಗುರು ತಿದ್ದುವುದು, ಹಚ್ಚೆ ಹೊಯ್ಯುವುದು, ಉಗಿಸ್ನಾನ ಇವೆಲ್ಲವೂ ‘ವಿಶೇಷ ಉಪಚಾರ’ವೆಂಬ ಒಂದೇ ಪಟ್ಟಿಯಲ್ಲಿ ಕುಳಿತಿವೆ, ಮನ್ನಣೆ ಪಡೆದ ಆರೋಗ್ಯವೃತ್ತಿಯ ಸಂಘಗಳ ಸದಸ್ಯರಿಗೆ ಅದರಿಂದ ವಿನಾಯಿತಿ. ಇದರಲ್ಲಿ ಶುಚಿತ್ವದ ಕಾಳಜಿ ಮುಂದೆ ಬಂದು ಶೀಲದ ಕಾಳಜಿ ಹಿಂದೆ ಸರಿದಿದೆ. ಅಷ್ಟರ ಮಟ್ಟಿಗೆ ಇದು ಒಪ್ಪತಕ್ಕ ಮಾತು.

ಅಮೆರಿಕದ ನಗರಗಳು ಹಿಡಿದ ದಾರಿ ನಮ್ಮ ವಿಚಾರಕ್ಕೆ ಇನ್ನೂ ಹೆಚ್ಚು ಉಪಯುಕ್ತವಾದುದು. ದೆಹಲಿಯವರು ೨೦೨೧ರಲ್ಲಿ ಮಾಡಿದುದನ್ನು ಅಲ್ಲಿನ ಹಲವು ಊರುಗಳು ೧೯೭೦ರ ದಶಕದಲ್ಲಿಯೇ ಮಾಡಿದ್ದುವು. ಉತ್ತರ ಕೆರೊಲಿನಾದ ಫಯೆಟ್‌ವಿಲ್ ನಗರವು ಗಂಡು ಹೆಣ್ಣುಗಳ ನಡುವಣ ಮಸಾಜನ್ನು ನಿಷೇಧಿಸಿದಾಗ ಆ ರಾಜ್ಯದ ಉಚ್ಚತಮ ನ್ಯಾಯಾಲಯ ೧೯೭೪ರಲ್ಲಿ ಅದನ್ನು ಎತ್ತಿಹಿಡಿಯಿತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅದರಲ್ಲಿ ಕೈಹಾಕಲಿಲ್ಲ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಕಥೆ ಬೇರೆ ತಿರುವನ್ನು ಪಡೆಯಿತು. ಅಲ್ಲಿ ಊರೂರಿಗೂ ಬೇರೆ ಬೇರೆ ಉಪವಿಧಿಗಳಿದ್ದು, ನಾಲ್ಕು ಊರುಗಳಲ್ಲಿ ಕೆಲಸ ಮಾಡುವವಳು ನಾಲ್ಕು ಕಡೆ ಅರ್ಜಿ, ನಾಲ್ಕು ಕಡೆ ಶುಲ್ಕ, ನಾಲ್ಕು ಕಡೆ ಬೆರಳಚ್ಚು ಕೊಡಬೇಕಾಗುವಂಥ ಸ್ಥಿತಿಯಿದ್ದಿತು. ೨೦೦೮ರಲ್ಲಿ ರಾಜ್ಯದ ಶಾಸಕಾಂಗ ಒಂದು ಮಂಡಲಿಯ ಮೂಲಕ ವ್ಯಕ್ತಿಗಳಿಗೆ ಪ್ರಮಾಣಪತ್ರ ಕೊಡಿಸುವ ಏರ್ಪಾಡನ್ನು ಮಾಡಿ, ಅದನ್ನು ಪಡೆದವರನ್ನು ನಗರಗಳು ಪೀಡಿಸದಂತೆ ತಡೆಯಿತು. ಫಲ ಮಿಶ್ರವಾಯಿತು. ನಗರಗಳ ಕೈ ಕಟ್ಟಿದೊಡನೆ ಅಂಗಡಿಗಳು ಸಾಲುಸಾಲಾಗಿ ಎದ್ದುವು; ಅವುಗಳಲ್ಲಿ ದಂಧೆಯ ಮನೆಗಳೂ ಇದ್ದುವೆಂದು ನಗರಸಭೆಗಳು ಕೂಗೆಬ್ಬಿಸಿದುವು. ೨೦೧೪ರಲ್ಲಿ ಶಾಸನವನ್ನು ತಿದ್ದಿ ಸ್ಥಳವನ್ನು ಕುರಿತ ಅಧಿಕಾರವನ್ನು ನಗರಗಳಿಗೆ ಹಿಂದಿರುಗಿಸಲಾಯಿತು. ೨೦೧೫ರ ಜನವರಿಯಿಂದ ಅದು ಜಾರಿಗೆ ಬಂದಿತು. ಪ್ರಮಾಣಪತ್ರಕ್ಕೆ ೫೦೦ ಗಂಟೆಗಳ ಶಿಕ್ಷಣವನ್ನು ನಿಗದಿಪಡಿಸಲಾಯಿತು.

ಈ ತಿದ್ದುಪಡಿಯಲ್ಲಿ ನನಗೆ ಮೆಚ್ಚಿಗೆಯಾದುದು, ಅಧಿಕಾರವನ್ನು ಹಿಂದಕ್ಕೆ ಕೊಡುವಾಗಲೇ ನಗರಗಳು ಮಾಡಕೂಡದವುಗಳ ಪಟ್ಟಿಯನ್ನೂ ಶಾಸನ ಕೊಟ್ಟಿರುವುದು. ಒಂದು ಲಿಂಗದವರು ಇನ್ನೊಂದು ಲಿಂಗದವರಿಗೆ ಮಸಾಜ್ ಮಾಡುವುದನ್ನು ನಗರವು ನಿಷೇಧಿಸಕೂಡದು. ಮಸಾಜ್ ಕೇಂದ್ರವನ್ನು ವಯಸ್ಕರ ಮನರಂಜನೆಯ ತಾಣವೆಂದು ಎಣಿಸಕೂಡದು. ಒಡತಿ ಒಬ್ಬಳೇ ಇದ್ದು, ಕೆಲಸಗಾರರು ಒಬ್ಬರಿಗಿಂತ ಹೆಚ್ಚಿಲ್ಲದ ಕಡೆ, ಹೊರಬಾಗಿಲಿಗೆ ಬೀಗ ಹಾಕಿಕೊಳ್ಳಬಾರದೆಂದು ಹೇಳಕೂಡದು. ಈ ಕೊನೆಯ ವಿಧಿಯನ್ನು ಓದಿ ನಾನು ಸ್ವಲ್ಪ ಹೊತ್ತು ನಿಂತೆ. ಒಳಗಿನ ಕೋಣೆಯಲ್ಲಿ ಒಬ್ಬರ ಬೆನ್ನಿನ ಮೇಲೆ ಕೈಯಿಟ್ಟು ಕೆಲಸ ಮಾಡುತ್ತಿರುವ ಒಂಟಿ ಹೆಂಗಸು ಹೊರಬಾಗಿಲಿನಿಂದ ಯಾರು ನುಗ್ಗುತ್ತಾರೆಂಬುದನ್ನು ನೋಡಲಾರಳು. ಈ ಸಂಗತಿ ಯಾರದೋ ಅನುಭವದಿಂದ ಶಾಸನದೊಳಕ್ಕೆ ಬಂದಿರಲೇಬೇಕು. ಕಚೇರಿಯ ಮೇಜಿನಲ್ಲಿ ಹುಟ್ಟುವ ಆಲೋಚನೆಯಲ್ಲ ಇದು. ದೆಹಲಿಯ ಬರಹದಲ್ಲಿ ತೆರೆದ ಬಾಗಿಲೆಂದರೆ ಶೀಲ, ಮುಚ್ಚಿದ ಬಾಗಿಲೆಂದರೆ ಪಾಪ. ಕ್ಯಾಲಿಫೋರ್ನಿಯಾದ ಬರಹದಲ್ಲಿ ಬಾಗಿಲಿನ ಹಿಂದೆ ಒಬ್ಬ ಮನುಷ್ಯಳಿದ್ದಾಳೆ.

ಹಾಗೆಂದು ವಿದ್ಯೆಯ ಪರವಾನಗಿಯೊಂದೇ ಸರ್ವರೋಗಕ್ಕೂ ಮದ್ದೆಂದು ಭಾವಿಸುವಂತಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ಈ ಪರವಾನಗಿಗೆ ೧೦೦೦ ಗಂಟೆಗಳ ಶಿಕ್ಷಣ ಬೇಕು. ಅದಿಲ್ಲದೆ ವೃತ್ತಿಯನ್ನು ನಡೆಸುವುದು ಘೋರಾಪರಾಧಗಳ ವರ್ಗಕ್ಕೆ ಸೇರಿದೆ. ಅಷ್ಟು ಹಣವೂ ಇಂಗ್ಲಿಷ್ ಭಾಷೆಯೂ ಇಲ್ಲದ ಚೀನಾ, ಕೊರಿಯಾಗಳ ವಲಸೆಗಾರ್ತಿಯರು ಆ ನಿಯಮದ ಬಲೆಗೆ ಸುಲಭವಾಗಿ ಸಿಕ್ಕಿಬೀಳುತ್ತಾರೆ. ೨೦೧೭ರ ನವೆಂಬರಿನಲ್ಲಿ ಕ್ವೀನ್ಸಿನ ಫ್ಲಶಿಂಗಿನಲ್ಲಿ ಪೊಲೀಸರ ದಾಳಿಯ ವೇಳೆ ಚೀನಾ ಮೂಲದ ಅಂಗಮರ್ದಕಿಯೊಬ್ಬಳು ಕಟ್ಟಡದಿಂದ ಬಿದ್ದು ಸತ್ತಳು. ೨೦೨೧ರ ಏಪ್ರಿಲಿನಲ್ಲಿ ಮ್ಯಾನ್‌ಹಟನ್ನಿನ ಸರ್ಕಾರಿ ಅಭಿಯೋಜಕರು, ವೇಶ್ಯಾವೃತ್ತಿಯ ಮೊಕದ್ದಮೆಗಳ ಜೊತೆಗೆ ಪರವಾನಗಿಯಿಲ್ಲದ ಮಸಾಜಿನ ಮೊಕದ್ದಮೆಗಳನ್ನೂ ಕೈಬಿಟ್ಟರು. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕೈಬಿಡಬೇಕಾಗಿ ಬಂದುದೇ, ಅವುಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಹೂಡಲಾಗುತ್ತಿದ್ದಿತೆಂಬುದಕ್ಕೆ ಸಾಕ್ಷಿ. ವಿದ್ಯೆಯನ್ನು ಅಳೆಯಲೆಂದು ಮಾಡಿದ ಕೋಲು ಹೊಡೆಯುವ ಕೋಲಾಗಿದ್ದಿತು.

ದಕ್ಷಿಣ ಕೊರಿಯಾದ ದೃಷ್ಟಾಂತ ಇನ್ನೊಂದು ತುದಿಯದು. ಅಲ್ಲಿ ಅಂಗಮರ್ದನದ ಅರ್ಹತೆಯನ್ನು ಅಂಧರಿಗೆ ಮೀಸಲಿಟ್ಟಿದೆ. ಈ ಮೀಸಲಾತಿ ಉಳಿದವರ ಉದ್ಯೋಗಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಅಲ್ಲಿನ ಸಂವಿಧಾನ ನ್ಯಾಯಾಲಯ ೨೦೦೬ರಲ್ಲಿ ನಿಯಮವನ್ನು ರದ್ದುಪಡಿಸಿತು, ಅಂಧರು ಬೀದಿಗಿಳಿದರು, ಶಾಸಕಾಂಗ ಅದೇ ವರ್ಷ ಅದನ್ನು ಶಾಸನವನ್ನಾಗಿ ಮಾಡಿತು, ೨೦೦೮ರಲ್ಲಿ ನ್ಯಾಯಾಲಯವೂ ಅದನ್ನು ಮಾನ್ಯಮಾಡಿತು. ಅದರ ನ್ಯಾಯಾನ್ಯಾಯಗಳೇನೇ ಇರಲಿ, ಪರವಾನಗಿಯನ್ನು ಕೆಲಸಗಾರನ ಅನ್ನದಿಂದ ಪ್ರಾರಂಭಿಸಿ ಯೋಚಿಸುವುದು ಸಾಧ್ಯವೆಂದು ಇದರಿಂದ ತಿಳಿಯುತ್ತದೆ.

ನಮ್ಮ ದೇಶದ ನ್ಯಾಯಾಲಯಗಳಿಗೆ ಹಿಂದಿರುಗೋಣ. ಮದ್ರಾಸ್ ಉಚ್ಚ ನ್ಯಾಯಾಲಯದಲ್ಲಿ ಕೆಲವೇ ವಾರಗಳ ಅಂತರದಲ್ಲಿ ಎರಡು ವಿರುದ್ಧ ಧ್ವನಿಗಳು ಕೇಳಿಬಂದುವು. ೨೦೨೧ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಎಸ್. ಎಂ. ಸುಬ್ರಮಣಿಯಂ ಅವರು ಸ್ಪಾಗಳಲ್ಲಿ ಸಿ.ಸಿ.ಟಿ.ವಿ. ಕ್ಯಾಮೆರಾಗಳನ್ನು ಅಳವಡಿಸುವಂತೆ ಆಜ್ಞಾಪಿಸಿದರು. ೨೦೨೨ರ ಜನವರಿಯಲ್ಲಿ ಮಧುರೆಯ ಪೀಠದಿಂದ ನ್ಯಾಯಮೂರ್ತಿ ಜಿ. ಆರ್. ಸ್ವಾಮಿನಾಥನ್ ಅವರು, ಇಂಥ ಕ್ಯಾಮೆರಾ ದೇಹದ ಮೇಲಣ ವ್ಯಕ್ತಿಯ ಅಧಿಕಾರಕ್ಕೆ ಭಂಗ ತರುತ್ತದೆಂದೂ, ಬರಿಯ ಸಂಶಯ ಅದಕ್ಕೆ ಸಾಕಾದ ಕಾರಣವಲ್ಲವೆಂದೂ ತೀರ್ಪಿತ್ತರು. ಅವರು ಆಧರಿಸಿದುದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ೨೦೧೭ರ ಒಂಬತ್ತು ನ್ಯಾಯಾಧೀಶರ ತೀರ್ಪನ್ನು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು. ಇವೆರಡರಲ್ಲಿ ಎರಡನೆಯದೇ ನನಗೆ ಯುಕ್ತವೆಂದು ತೋರುತ್ತದೆ. ಅದರಲ್ಲಿ ಮುಖ್ಯವಾಗಿ ವಿಚಾರಿತವಾದುದು ಗಿರಾಕಿಯ ಖಾಸಗಿತನ. ಬಟ್ಟೆ ಕಳಚಿ ಮಲಗಿದವನು ಒಂದು ಗಂಟೆಯ ಹೊತ್ತು ಕ್ಯಾಮೆರಾದ ಕೆಳಗಿರುತ್ತಾನೆ; ಕೆಲಸದವಳು ದಿನವಿಡೀ ಅದರ ಕೆಳಗಿರುತ್ತಾಳೆ. ಅವಳ ಪಕ್ಷದಿಂದಲೂ ಈ ವಾದವನ್ನು ಬೆಳೆಸಬೇಕಾಗಿದೆ.

ಕರ್ನಾಟಕದಲ್ಲಿ ಎಣ್ಣೆಯ ಕೈಗಳಿಗೆ ಎಂದೂ ಕೊರತೆಯಿರಲಿಲ್ಲ. ಬಾಣಂತಿಗೆ ಎಣ್ಣೆ ಹಚ್ಚಿ, ಕಾಲಿನ ಮೇಲೆ ಕೂಸನ್ನು ಮಲಗಿಸಿಕೊಂಡು ನೀರೆರೆಯುವ ಮುದುಕಿ. ಗರಡಿಮನೆಯಲ್ಲಿ ಹುಡುಗರ ತೊಡೆ ತೋಳುಗಳನ್ನು ತಿಕ್ಕಿ ಹದಮಾಡುವ ಉಸ್ತಾದ. ಕ್ಷೌರದ ಕೊನೆಗೆ ನೆತ್ತಿಯನ್ನು ತಟ್ಟಿ ಕತ್ತನ್ನು ನೀವುವ ಅಂಗಡಿಯವನು. ಇವರಲ್ಲಿ ಯಾರ ಕೈಗೂ ಪ್ರಮಾಣಪತ್ರವಿಲ್ಲ, ಯಾರೂ ಕೇಳಿದ್ದೂ ಇಲ್ಲ. ಇವರನ್ನು ಊರು ಬಲ್ಲದು. ಅಪರಿಚಿತನೊಬ್ಬನು ಹಣ ಕೊಟ್ಟು ಅಪರಿಚಿತಳಿಂದ, ಮುಚ್ಚಿದ ಕೋಣೆಯಲ್ಲಿ ಈ ಸೇವೆಯನ್ನು ಪಡೆಯುವಾಗಲೇ ನಗರಕ್ಕೆ ನಿಯಮ ಬೇಕಾಗುತ್ತದೆ. ಇದು ಸಹಜ. ಆದರೆ ನಮ್ಮಲ್ಲಿ ದೊರೆಯುವ ಸಾಧನಗಳೆಂದರೆ ಎರಡು. ೧೯೭೬ರ ಮಹಾನಗರಪಾಲಿಕೆಗಳ ಕಾನೂನಿನ ಉದ್ದಿಮೆ ಪರವಾನಗಿ ಒಂದು. ಅದು ಜೀವ, ಆರೋಗ್ಯ, ಆಸ್ತಿಗಳಿಗೆ ಅಪಾಯವನ್ನೋ ನೆರೆಹೊರೆಗೆ ಉಪದ್ರವವನ್ನೋ ತರಬಹುದಾದ ಉದ್ದಿಮೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ್ದು. ೧೯೫೬ರ ಅನೈತಿಕ ವ್ಯಾಪಾರ ತಡೆ ಕಾನೂನು ಇನ್ನೊಂದು. ಅದರ ಪ್ರಕಾರ ವಿಶೇಷ ಪೊಲೀಸ್ ಅಧಿಕಾರಿಯು ವಾರಂಟಿಲ್ಲದೆಯೇ ಶೋಧನೆ ನಡೆಸಬಹುದು. ಒಂದು ಕಾನೂನಿಗೆ ಈ ಕಸುಬು ಉಪದ್ರವ, ಇನ್ನೊಂದಕ್ಕೆ ಅಪರಾಧದ ಮರೆ. ಕಸುಬೆಂದು ಕಾಣುವ ಮೂರನೆಯ ಕಣ್ಣನ್ನು ಎರಡರಲ್ಲಿಯೂ ಹುಡುಕುವುದು ವ್ಯರ್ಥ.

ನಮ್ಮ ಯಾವುದಾದರೂ ನಗರ ನಾಳೆ ಇಂಥ ಉಪವಿಧಿಯನ್ನು ರಚಿಸಲು ಹೊರಟರೆ, ಕೈಯ ವಿಚಾರಣೆಯನ್ನು ಆ ಕೈಯ ವಿದ್ಯೆಯನ್ನೇ ಬಲ್ಲವರಿಗೆ ಒಪ್ಪಿಸಿ, ಕೋಣೆಯ ವಿಚಾರಣೆಯನ್ನು ಶುಚಿತ್ವ, ವಯಸ್ಸು, ವೇತನದ ಲೆಕ್ಕ, ಗುರುತಿನ ಕಾಗದಗಳು ಕೆಲಸದವಳ ಕೈಯಲ್ಲಿಯೇ ಇವೆಯೇ ಎಂಬ ಶೋಧನೆ, ಇಷ್ಟಕ್ಕೆ ಸೀಮಿತಗೊಳಿಸಬಹುದು. ಸಾಗಾಣಿಕೆಗೆ ಸಿಕ್ಕಿದ ಹುಡುಗಿಯ ಗುರುತು ಬಾಗಿಲಿನ ಚಿಲಕದಲ್ಲಿ ದೊರೆಯುವುದಕ್ಕಿಂತ, ಸಂಬಳವಿಲ್ಲದ ಹಾಜರಿ ಪುಸ್ತಕದಲ್ಲಿಯೂ, ಮಾಲೀಕನ ಪೆಟ್ಟಿಗೆಯಲ್ಲಿ ಸೇರಿಕೊಂಡ ಅವಳ ಆಧಾರ್ ಚೀಟಿಯಲ್ಲಿಯೂ ದೊರೆಯುವುದು ಹೆಚ್ಚು ಸಂಭವ. ಇನ್ನು ಕರಡನ್ನು ಬರೆಯುವ ಮುಂಚೆ ಈ ಕೆಲಸವನ್ನು ಮಾಡುವ ನಾಲ್ಕು ಹೆಂಗಸರನ್ನು ಕರೆದು ಕೂರಿಸಿ ಕೇಳುವುದಕ್ಕೆ ಹೆಚ್ಚು ಖರ್ಚ್ಚಾಗುವುದಿಲ್ಲ. ಒಳಚಿಲಕವನ್ನು ತೆಗೆಸುವುದೋ ಇಡಿಸುವುದೋ ಎಂಬುದಕ್ಕಿಂತ ಮುಂಚೆ, ಗಿರಾಕಿಯೇ ಕೈಮಾಡಿದಾಗ ಆ ಕೋಣೆಯಿಂದ ಯಾರನ್ನು ಹೇಗೆ ಕೂಗಬೇಕೆಂಬುದನ್ನು ಅವರು ಕೇಳಿಯಾರು.